ಬೆಳ್ಳಿ ತಂತಿ ಮತ್ತು ಒಂದು ಕಾಮೆಂಟು: ಬೀದರಿನ ಮಾನನಷ್ಟ ಪ್ರಕರಣ

ಹೈದರಾಬಾದಿನ ವ್ಯಾಪಾರಿಯೊಬ್ಬರು 40 ಪೀಸ್‌ಗಳ ಆರ್ಡರ್ ಕ್ಯಾನ್ಸಲ್ ಮಾಡಿದ ಮಾರನೇ ದಿನ ಉಸ್ತಾದರು ನನ್ನ ಆಫೀಸಿಗೆ ಬಂದರು. ಜೊತೆಗೆ ಮಗ. ಉಸ್ತಾದರು ಬಿದ್ರಿ ಕೆಲಸದವರು. ಚೌಬಾರಾದಿಂದ ಗಾವಾನ್ ಮದರಸಾ ಕಡೆ ಹೋಗುವ ಹಳೇ ಊರಿನಲ್ಲಿ ಅವರ ಅಂಗಡಿ, ಹಿಂದುಗಡೆಯೇ ಕಾರ್ಖಾನೆ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಗುರುತು ಸಿಗುವ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಅವರ ಒಪ್ಪಿಗೆ ತೆಗೆದುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಮಗ ಫೋನು ನನ್ನ ಮುಂದೆ ಇಟ್ಟ. ಆರ್ಡರ್ ಕೊಟ್ಟಿದ್ದ ವ್ಯಾಪಾರಿ ವಾಟ್ಸಾಪಿನಲ್ಲಿ ಒಂದು ಸ್ಕ್ರೀನ್‌ಶಾಟ್ ಕಳಿಸಿದ್ದರು. ಕೆಳಗೆ ಒಂದೇ ಸಾಲು: ಇದಕ್ಕೆ ನಿಮ್ಮ ಉತ್ತರ ಏನು?

ಬೀದರಿನ ಒಂದು ಸಣ್ಣ ಸುದ್ದಿ ವೆಬ್‌ಸೈಟಿನಲ್ಲಿ ಬಂದಿದ್ದ ಕಾಮೆಂಟು ಅದು. "ಈ ಅಂಗಡ್ಯಾಗ ಕೊಡೋದು ಬೆಳ್ಳಿ ಅಲ್ಲ, ಅಲ್ಯೂಮಿನಿಯಂ ತಂತಿ. ನಾನೇ ಟೆಸ್ಟ್ ಮಾಡಿಸೀನಿ. ಮಂದಿಗೆ ಟೋಪಿ ಹಾಕ್ಲಕತ್ತಾರ." ಅಂಗಡಿಯ ಹೆಸರು ಪೂರ್ತಿ ಇತ್ತು. ಬರೆದವನ ಹೆಸರಿನ ಜಾಗದಲ್ಲಿ ಮಾತ್ರ ಯಾವುದೋ ಒಂದು ಅಡ್ಡಹೆಸರು.

ಉಸ್ತಾದರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ವಕೀಲ್ರ, ನಲ್ವತ್ತ ವರ್ಷ ಆತು ಈ ಕೆಲಸ ಮಾಡ್ಲಕತ್ತು. ನಮ್ಮಪ್ಪನೂ ಇದೇ ಮಾಡ್ದ. ನನ್ನ ಕೆಲಸ ಚಂದ ಇಲ್ಲ ಅಂದ್ರ ಅನ್ಲಿ ಬಿಡ್ರಿ. ಬೆಳ್ಳಿ ಖರೆ ಅಲ್ಲ ಅಂದ್ರ ಹ್ಯಾಂಗ?"

ಅವರಿಗೆ ಗೊತ್ತಿಲ್ಲದೆಯೇ ಕಾನೂನು ಎಳೆಯುವ ಗೆರೆಯನ್ನೇ ಅವರು ಎಳೆದಿದ್ದರು. ಕೆಲಸ ಚಂದ ಇಲ್ಲ ಅನ್ನುವುದು ಅಭಿಪ್ರಾಯ. ಬೆಳ್ಳಿ ಅಲ್ಲ ಅನ್ನುವುದು ಆರೋಪ. ಆರೋಪ ನಿಜವೋ ಸುಳ್ಳೋ ಪರೀಕ್ಷೆ ಮಾಡಿ ಹೇಳಬಹುದು.

ಬಿದ್ರಿ ಗೊತ್ತಿಲ್ಲದವರಿಗೆ ಎರಡು ಮಾತು. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಅದರ ಮೇಲೆ ಉಳಿಯಿಂದ ಚಿತ್ತಾರ ಕೊರೆದು, ಕೊರೆದ ಗೆರೆಯೊಳಗೆ ಬೆಳ್ಳಿ ತಂತಿ ಇಟ್ಟು ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಹಾಕಿದ ನೀರಿನಲ್ಲಿ ಕಾಯಿಸಿದರೆ ಲೋಹ ಅಚ್ಚ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. 2006ರಲ್ಲಿ ಇದಕ್ಕೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ವಸ್ತು ಅನ್ನುವ ಭೌಗೋಳಿಕ ಗುರುತು ಸಿಕ್ಕಿತು. ಗಿರಾಕಿ ದುಡ್ಡು ಕೊಡುವುದು ಈ ಕಪ್ಪಿನ ಮೇಲಿನ ಬೆಳ್ಳಿಗೇ. ಬೆಳ್ಳಿ ಸುಳ್ಳು ಅಂದರೆ ಕುಶಲಕರ್ಮಿಯ ಇಡೀ ಬದುಕೇ ಸುಳ್ಳು ಅಂದ ಹಾಗೆ.

ವೆಬ್‌ಸೈಟಿನಲ್ಲಿ ಏನೇನಿತ್ತು

ನಾನು ಮೊದಲು ಮಾಡಿದ್ದು ಆ ಪುಟವನ್ನು ಪೂರ್ತಿ ಓದುವ ಕೆಲಸ. ಎಷ್ಟೋ ಜನ ಕಕ್ಷಿದಾರರು ತಮಗೆ ನೋವಾದ ಸಾಲನ್ನಷ್ಟೇ ತೋರಿಸುತ್ತಾರೆ. ಆದರೆ ಹೊಣೆ ಯಾರದು ಅನ್ನೋದು ಸುತ್ತಮುತ್ತ ಏನಿದೆ ಅನ್ನುವುದರ ಮೇಲೆ ನಿಂತಿರುತ್ತದೆ.

ಮೂಲ ಲೇಖನ ಬಿದ್ರಿ ಕಲೆಯ ಬಗ್ಗೆ. ಚೆನ್ನಾಗಿಯೇ ಇತ್ತು, ಉಸ್ತಾದರ ಅಂಗಡಿಯ ಫೋಟೋ ಕೂಡ ಹಾಕಿದ್ದರು. ಅದರ ಕೆಳಗೆ 11 ಕಾಮೆಂಟು. ಹೆಚ್ಚಿನವು ಹೊಗಳಿಕೆ. ಒಬ್ಬರು ಉಸ್ತಾದರನ್ನು "ಕಂಜೂಸ್ ಮುದುಕ" ಅಂತ ಬೈದಿದ್ದರು. ಇನ್ನೊಬ್ಬ ಹೆಣ್ಣುಮಗಳು, ತಾನು ಕೊಂಡ ಡಬ್ಬಿಯ ಮುಚ್ಚಳ ಆರು ತಿಂಗಳಲ್ಲಿ ಸಡಿಲಾಯಿತು, ಅಂಗಡಿಗೆ ಹೋಗಿ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಅಂತ ಬರೆದಿದ್ದರು. ಮೂರನೆಯದು ಅಲ್ಯೂಮಿನಿಯಂ ಕಾಮೆಂಟು.

ಮಗನಿಗೆ ಮೂವರ ಮೇಲೂ ಕೇಸ್ ಹಾಕಬೇಕಿತ್ತು. ನಾನು ಒಪ್ಪಲಿಲ್ಲ. ಕಂಜೂಸ್ ಅನ್ನೋದು ಬೈಗುಳ, ಕೇಳಲು ಕೆಟ್ಟದ್ದು, ಆದರೆ ಅದನ್ನು ಓದಿ ಯಾವ ಗಿರಾಕಿಯೂ ಆರ್ಡರ್ ಕ್ಯಾನ್ಸಲ್ ಮಾಡುವುದಿಲ್ಲ. ಮುಚ್ಚಳದ ದೂರಿನ ಬಗ್ಗೆ ಉಸ್ತಾದರನ್ನೇ ಕೇಳಿದೆ. ಸ್ವಲ್ಪ ತಡೆದು, "ಖರೆ ಅದರಿ. ಆಕಿ ಬಂದಾಗ ನಾ ಊರಾಗ ಇರ್ಲಿಲ್ಲ" ಅಂದರು. ಹಾಗಾದರೆ ಆ ಕಾಮೆಂಟು ಅಲ್ಲೇ ಇರಲಿ ಅಂದೆ. ಗಿರಾಕಿ ತನಗೆ ಆದದ್ದನ್ನು ಹೇಳುವ ಹಕ್ಕನ್ನು ಕೋರ್ಟಿನ ಹೆದರಿಕೆ ಹಾಕಿ ಕಿತ್ತುಕೊಳ್ಳುವ ಕೆಲಸಕ್ಕೆ ನಾನು ವಕಾಲತ್ತು ಹಾಕುವುದಿಲ್ಲ.

ಇಷ್ಟರಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು, ಇಡೀ ಪ್ರಕರಣ ತಿರುಗಿದ್ದು ಅಲ್ಲಿಂದಲೇ. ಕಾಮೆಂಟು ಬಂದ ಎರಡು ದಿನಕ್ಕೆ ವೆಬ್‌ಸೈಟಿನ ಮಾಲೀಕ ಅದನ್ನು ಎತ್ತಿ, ಬೇರೆ ಪೋಸ್ಟ್ ಮಾಡಿದ್ದ. ಅಂಗಡಿಯ ಫೋಟೋದ ಮೇಲೆ ಕೆಂಪು ಅಕ್ಷರದಲ್ಲಿ "ಬಿದ್ರಿ ಹೆಸರಲ್ಲಿ ವಂಚನೆ?" ಅಂತ ಶೀರ್ಷಿಕೆ. ಹೈದರಾಬಾದಿಗೆ ಹೋಗಿ ಮುಟ್ಟಿದ್ದು ಈ ಪೋಸ್ಟು. ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಬಚಾವು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಓದುವವನ ಮನಸ್ಸಿನಲ್ಲಿ ಉಳಿಯುವುದು ವಂಚನೆ ಅನ್ನುವ ಮಾತು, ಚಿಹ್ನೆ ಅಲ್ಲ. ಕೋರ್ಟುಗಳು ನೋಡುವುದೂ ಸಾಮಾನ್ಯ ಓದುಗ ಅದನ್ನು ಹೇಗೆ ತಿಳಿದುಕೊಳ್ಳುತ್ತಾನೆ ಅನ್ನುವುದನ್ನೇ.

ಆಗಿಹೋದ ಎರಡು ಎಡವಟ್ಟು

ನನ್ನ ಹತ್ತಿರ ಬರುವ ಮುಂಚೆಯೇ ಮಗ ವೆಬ್‌ಸೈಟ್ ಮಾಲೀಕನಿಗೆ ಫೋನ್ ಮಾಡಿದ್ದ. ತೆಗೆ ಅಂತ ಕೇಳಿದ್ದು ಸರಿ. ತೆಗೆಯದಿದ್ದರೆ ನಿನ್ನ ಮನೆಗೇ ಬರ್ತೀನಿ ಅಂದದ್ದು ತಪ್ಪು. ಆ ಕಡೆಯವನು ಕಾಲ್ ರೆಕಾರ್ಡ್ ಮಾಡಿಕೊಂಡಿದ್ದ. ಅಪ್ಪನ ಮಾನ ಉಳಿಸಲು ಹೋದ ಮಗನ ಮೇಲೇ ಬೆದರಿಕೆಯ ದೂರು ಬೀಳುವುದರಲ್ಲಿತ್ತು.

ಎರಡನೆಯದು, ಅವರು ಕೋರ್ಟ್ ಗೇಟಿನ ಹೊರಗೆ ಟೈಪ್ ಮಾಡುವವರ ಹತ್ತಿರ ಒಂದು ದೂರು ಬರೆಸಿ ಪೊಲೀಸ್ ಠಾಣೆಗೆ ಕೊಟ್ಟಿದ್ದರು. ಅದರಲ್ಲಿ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಎ ಕಲಂ ಹಾಕಲಾಗಿತ್ತು, ಆನ್‌ಲೈನಿನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧ ಅಂದಿದ್ದ ಕಲಂ ಅದು. ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಆ ಕಲಂ ಅನ್ನೇ ರದ್ದು ಮಾಡಿದೆ. ಆಮೇಲೂ ಅದರ ಅಡಿ ಕೇಸು ಹಾಕುತ್ತಿದ್ದಾರೆ ಅಂತ 2022ರಲ್ಲಿ ಮತ್ತೆ ಕಟ್ಟುನಿಟ್ಟಾಗಿ ಹೇಳಬೇಕಾಯಿತು. ಆದರೂ ನಮ್ಮ ಟೈಪಿಂಗ್ ಟೇಬಲ್ಲುಗಳ ಮೇಲೆ ಅದು ಇನ್ನೂ ಬದುಕಿದೆ.

ಠಾಣೆಯವರು ಎಫ್‌ಐಆರ್ ಆಗಲ್ಲ ಅಂದಿದ್ದರು. ಮಗನಿಗೆ ಅವರ ಮೇಲೆ ಸಿಟ್ಟು. ಆದರೆ ಅವರು ಹೇಳಿದ್ದು ಕಾನೂನಿನ ಪ್ರಕಾರವೇ ಇತ್ತು. ಮಾನನಷ್ಟ ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ ಐಪಿಸಿಯ 499, 500ರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಬಂದಿದೆ. ಶಿಕ್ಷೆ ಎರಡು ವರ್ಷದವರೆಗೆ ಸಾದಾ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಸಮುದಾಯ ಸೇವೆ ಅನ್ನೋದು ಹೊಸದಾಗಿ ಸೇರಿದೆ. ಆದರೆ ದಾರಿ ಮೊದಲಿನದೇ: ನೊಂದವರೇ ಕೋರ್ಟಿಗೆ ಹೋಗಿ ಖಾಸಗಿ ದೂರು ಕೊಡಬೇಕು.

ಮೊದಲು ಸಾಕ್ಷ್ಯ, ಆಮೇಲೆ ನೋಟಿಸ್

ನೋಟಿಸ್ ಕಳಿಸಿದರೆ ಎದುರಿನವರು ಪೋಸ್ಟ್ ಅಳಿಸುತ್ತಾರೆ. ಒಳ್ಳೆಯದೇ ಅಲ್ವಾ ಅನಿಸುತ್ತದೆ. ಆದರೆ ಅಳಿಸಿದ ಮೇಲೆ ನಮ್ಮ ಕೈಯಲ್ಲಿ ಏನೂ ಉಳಿದಿಲ್ಲದಿದ್ದರೆ ಆರ್ಡರ್ ಹೋದದ್ದು ಯಾಕೆ ಅಂತ ತೋರಿಸುವುದು ಹೇಗೆ?

ಒಂದು ಇಡೀ ಮಧ್ಯಾಹ್ನ ಇದಕ್ಕೇ ಹೋಯಿತು. ಮಗನ ಲ್ಯಾಪ್‌ಟಾಪಿನಲ್ಲಿ ಪುಟ ತೆರೆದು, ಮೇಲಿನ ವಿಳಾಸದ ಪಟ್ಟಿಯೂ ಕೆಳಗಿನ ದಿನಾಂಕ, ಸಮಯವೂ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದೆವು. ಪುಟವನ್ನು ಮೇಲಿನಿಂದ ಕೆಳಗಿನ ತನಕ ಸರಿಸುತ್ತಾ ಒಂದು ವಿಡಿಯೋ ಮಾಡಿದೆವು. ಕೆಂಪು ಶೀರ್ಷಿಕೆಯ ಪೋಸ್ಟನ್ನೂ ಹಾಗೆಯೇ. ವ್ಯಾಪಾರಿಯ ವಾಟ್ಸಾಪ್ ಸಂದೇಶ ಇದ್ದ ಫೋನನ್ನು ಬದಲಿಸಬೇಡಿ, ಚಾಟ್ ಅಳಿಸಬೇಡಿ ಅಂತ ಹೇಳಿದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ಪ್ರಿಂಟಿನ ಜೊತೆ ಪ್ರಮಾಣಪತ್ರ ಬೇಕು. ಅದಕ್ಕೆ ಈಗ ಎರಡು ಭಾಗ: ಒಂದಕ್ಕೆ ಆ ಸಾಧನ ಯಾರ ಕೈಯಲ್ಲಿತ್ತೋ ಅವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಕಡತದ ಹ್ಯಾಶ್ ಮೌಲ್ಯವನ್ನೂ ಬರೆಯಬೇಕು. ಅಂದರೆ ಆ ಕಡತದ ಬೆರಳಚ್ಚು ಇದ್ದ ಹಾಗೆ, ಒಳಗೆ ಒಂದು ಚುಕ್ಕೆ ಬದಲಾದರೂ ಅದು ಬೇರೆಯೇ ಬರುತ್ತದೆ.

ಜೊತೆಗೆ ಉಸ್ತಾದರಿಂದ ನಾನು ಕೇಳಿದ್ದು ಬೆಳ್ಳಿ ಖರೀದಿಯ ಬಿಲ್ಲುಗಳನ್ನು. ಮರುದಿನ ಒಂದು ತಗಡಿನ ಡಬ್ಬಿ ತಂದರು. ಒಳಗೆ ವರ್ಷವಾರು ದಾರ ಕಟ್ಟಿ ಇಟ್ಟ ಬಿಲ್ಲುಗಳು. ಕೆಲವಕ್ಕೆ ಕಪ್ಪು ಬೆರಳಿನ ಗುರುತು ಹತ್ತಿತ್ತು. ಆರೋಪ ಸತ್ಯ ಅಂತ ಸಾಬೀತು ಮಾಡುವ ಹೊಣೆ ಆರೋಪ ಮಾಡಿದವನದೇ, ನಮ್ಮದಲ್ಲ. ಆದರೂ ಆ ಡಬ್ಬಿ ನೋಡಿ ನನಗೆ ಧೈರ್ಯ ಬಂತು.

ಹೊಣೆ ಯಾರ ತಲೆಗೆ?

ಈ ಪ್ರಕರಣದಲ್ಲಿ ನಾಲ್ಕು ಕೈಗಳಿದ್ದವು. ಕಾಮೆಂಟು ಬರೆದವನು, ವೆಬ್‌ಸೈಟಿನ ಮಾಲೀಕ, ವೆಬ್‌ಸೈಟಿಗೆ ಸರ್ವರ್ ಕೊಟ್ಟ ಕಂಪನಿ, ಮತ್ತೆ ಅದನ್ನು ವಾಟ್ಸಾಪಿನಲ್ಲಿ ಹಂಚಿದವರು.

ಬರೆದವನ ಹೊಣೆ ಬಗ್ಗೆ ಅನುಮಾನವೇ ಇಲ್ಲ. ಅಡ್ಡಹೆಸರು ಇಟ್ಟುಕೊಂಡ ಮಾತ್ರಕ್ಕೆ ಹೊಣೆ ಹೋಗುವುದಿಲ್ಲ. ಹುಡುಕುವುದು ಕಷ್ಟವಾಗುತ್ತದೆ, ಅಷ್ಟೇ.

ಸರ್ವರ್ ಕಂಪನಿಗೂ ನಾನು ಮೊದಲ ನೋಟಿಸ್ ಕಳಿಸಿದ್ದೆ. ಕೋರ್ಟಿನ ಆದೇಶ ತನ್ನಿ ಅಂತ ಉತ್ತರ ಬಂತು. ಅವರು ಹೇಳಿದ್ದು ಸರಿ, ನಾನು ಅಲ್ಲಿ ಹೊತ್ತು ಕಳೆಯಬಾರದಿತ್ತು. ಬಾಡಿಗೆ ಮನೆಯ ಗೋಡೆ ಮೇಲೆ ಬಾಡಿಗೆದಾರ ಏನು ಬರೆದ ಅಂತ ಮನೆ ಮಾಲೀಕ ದಿನಾ ಬಂದು ಓದುವುದಿಲ್ಲವಲ್ಲ.

ವಾಟ್ಸಾಪ್ ಗ್ರೂಪಿನ ಅಡ್ಮಿನ್ ಮೇಲೆ ಕೇಸ್ ಹಾಕಿ ಅಂತ ಮಗನ ಒತ್ತಾಯ. ಅಡ್ಮಿನ್ ಆಗಿದ್ದಾನೆ ಅನ್ನುವ ಒಂದೇ ಕಾರಣಕ್ಕೆ ಸದಸ್ಯರು ಹಾಕಿದ್ದಕ್ಕೆಲ್ಲ ಅವನು ಹೊಣೆಯಲ್ಲ ಅಂತ ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಸ್ವತಃ ಹಂಚಿದವರ ಮಾತು ಬೇರೆ. ಮಾನಹಾನಿಯ ಪೋಸ್ಟನ್ನು ರೀಟ್ವೀಟ್ ಮಾಡುವುದೂ ಮಾನಹಾನಿ ಆಗಬಹುದು ಅಂತ ದೆಹಲಿ ಹೈಕೋರ್ಟ್ 2024ರ ಫೆಬ್ರವರಿಯಲ್ಲಿ ಹೇಳಿದೆ. ಆದರೆ ಊರಿನ ಅರ್ಧ ಮಂದಿಯನ್ನು ಪ್ರತಿವಾದಿ ಮಾಡಿ ಉಸ್ತಾದರಿಗೆ ಏನು ಸಿಗುತ್ತಿತ್ತು? ಅವರನ್ನು ಬಿಟ್ಟೆವು.

ಉಳಿದದ್ದು ವೆಬ್‌ಸೈಟಿನ ಮಾಲೀಕ. ವಯಸ್ಸು ಮೂವತ್ತರ ಒಳಗೆ. ಒಬ್ಬನೇ ಸುದ್ದಿ ಬರೆದು, ಫೋಟೋ ತೆಗೆದು, ಜಾಹೀರಾತು ಹಿಡಿದು ನಡೆಸುವವನು. ಅವನ ವಕೀಲರ ಉತ್ತರ ಹೀಗಿತ್ತು: ನಾವು ಮಧ್ಯವರ್ತಿ, ಅಂದರೆ ಬೇರೆಯವರು ಬರೆದದ್ದಕ್ಕೆ ಜಾಗ ಕೊಡುವವರು ಅಷ್ಟೇ. ಕಾಮೆಂಟು ಬರೆದವರು ನಾವಲ್ಲ. 79ನೇ ಕಲಂ ನಮಗೆ ರಕ್ಷಣೆ ಕೊಡುತ್ತದೆ. ಕೋರ್ಟಿನ ಆದೇಶ ಬಂದರೆ ತೆಗೆಯುತ್ತೇವೆ.

ಈ ವಾದದಲ್ಲಿ ತಿರುಳಿದೆ, ಅದನ್ನು ಒಪ್ಪಬೇಕು. 2000ದ ಐಟಿ ಕಾಯ್ದೆಯ 79ನೇ ಕಲಂ, ಬೇರೆಯವರು ಹಾಕಿದ ವಿಷಯಕ್ಕೆ ಮಧ್ಯವರ್ತಿಯನ್ನು ಹೊಣೆ ಮಾಡುವುದಿಲ್ಲ. ಆಕ್ಷೇಪಾರ್ಹ ವಿಷಯ ಇದೆ ಅಂತ ಗೊತ್ತಾದ ಮೇಲೂ ತೆಗೆಯದಿದ್ದರೆ ರಕ್ಷಣೆ ಹೋಗುತ್ತದೆ. ಆದರೆ "ಗೊತ್ತಾಗುವುದು" ಅಂದರೆ ಯಾರೋ ಫೋನ್ ಮಾಡುವುದಲ್ಲ, ಕೋರ್ಟಿನ ಆದೇಶ ಇಲ್ಲವೇ ಸರ್ಕಾರದ ಸೂಚನೆ ಬರಬೇಕು. ಇದನ್ನು ಸುಪ್ರೀಂ ಕೋರ್ಟ್ ಅದೇ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಸ್ಪಷ್ಟಪಡಿಸಿತು. ಆದೇಶ ಬಂದ 36 ಗಂಟೆಯೊಳಗೆ ತೆಗೆಯಬೇಕು ಅಂತ ಆಗ ಜಾರಿಯಲ್ಲಿದ್ದ 2021ರ ನಿಯಮ ಹೇಳುತ್ತಿತ್ತು. ಈ ರಕ್ಷಣೆ ಬೇಕು ಅಂತಲೇ ನಾನು ನಂಬಿದ್ದೇನೆ. ಫೋನ್ ಬಂದ ಕೂಡಲೇ ಅಳಿಸುವುದಾದರೆ ಮುಚ್ಚಳ ಸಡಿಲಾದ ಆ ಹೆಣ್ಣುಮಗಳ ಮಾತು ಮೊದಲು ಅಳಿಸಿಹೋಗುತ್ತಿತ್ತು.

ಹಾಗಾದರೆ ನಮ್ಮ ಕೇಸ್ ಎಲ್ಲಿ ನಿಂತಿತ್ತು? ಕೆಂಪು ಶೀರ್ಷಿಕೆಯಲ್ಲಿ. ಅದೇ 79ನೇ ಕಲಂ ಒಂದು ಷರತ್ತು ಹಾಕುತ್ತದೆ: ಮಧ್ಯವರ್ತಿ ತಾನೇ ವಿಷಯವನ್ನು ಕಳಿಸಬಾರದು, ಆರಿಸಬಾರದು, ತಿದ್ದಬಾರದು. ಕಾಮೆಂಟು ತನ್ನ ಪಾಡಿಗೆ ಕೆಳಗೆ ಬಿದ್ದಿದ್ದ ತನಕ ಅದು ಬರೆದವನದು. ಮಾಲೀಕ 11ರಲ್ಲಿ ಅದೊಂದನ್ನೇ ಹೆಕ್ಕಿದ, ವಂಚನೆ ಅನ್ನುವ ಮಾತು ತಾನು ಸೇರಿಸಿದ, ಫೋಟೋ ಅಂಟಿಸಿದ. ಆ ಕ್ಷಣಕ್ಕೆ ಅವನು ಮಧ್ಯವರ್ತಿಯ ಕುರ್ಚಿಯಿಂದ ಎದ್ದು ಪ್ರಕಾಶಕನ ಕುರ್ಚಿಯಲ್ಲಿ ಕೂತ. ಪತ್ರಿಕೆಯ ಸಂಪಾದಕ ಓದುಗರ ಪತ್ರಕ್ಕೆ ತಲೆಬರಹ ಕೊಟ್ಟು ಮುಖಪುಟಕ್ಕೆ ಹಾಕಿದರೆ ಏನು ಹೊಣೆಯೋ ಅದೇ ಹೊಣೆ.

ಇನ್ನೂ ಒಂದು ಕೊರತೆ ಇತ್ತು. ರಕ್ಷಣೆ ಬೇಕಾದರೆ ನಿಯಮಗಳನ್ನು ಪಾಲಿಸಿರಬೇಕು. ದೂರು ಕೇಳುವ ಅಧಿಕಾರಿಯ ಹೆಸರು, ಸಂಪರ್ಕ ವೆಬ್‌ಸೈಟಿನಲ್ಲಿ ಇರಬೇಕು. ದೂರು ಬಂದ 24 ಗಂಟೆಯಲ್ಲಿ ಸ್ವೀಕೃತಿ ಕೊಡಬೇಕು. ಅವನ ವೆಬ್‌ಸೈಟಿನಲ್ಲಿ ಇದ್ದದ್ದು ಜಾಹೀರಾತಿಗೆ ಸಂಪರ್ಕಿಸಿ ಅನ್ನುವ ನಂಬರ್ ಮಾತ್ರ. ಮಗ ಫೋನ್ ಮಾಡಿ ಕೂಗಾಡಿದ್ದೂ ಅದೇ ನಂಬರಿಗೆ. ದೂರು ಕೊಡಲು ಒಂದು ನೆಟ್ಟಗಿನ ಜಾಗ ಇದ್ದಿದ್ದರೆ ಆ ಕೂಗಾಟವೇ ಆಗುತ್ತಿರಲಿಲ್ಲವೇನೋ ಅಂತ ನನಗೆ ಈಗಲೂ ಅನಿಸುತ್ತದೆ.

ಯಾವ ಕೋರ್ಟು, ಏನು ಕೇಳಿದೆವು

ಉಸ್ತಾದರ ಮನೆಯಲ್ಲಿ ಎಲ್ಲರಿಗೂ ಜೈಲೇ ಆಗಬೇಕು ಅನ್ನುವ ಸಿಟ್ಟು. ನಾನು ಸಿವಿಲ್ ದಾವೆ ಮೊದಲು ಅಂದೆ. ಕಾರಣ ಸರಳ. ಲಿಖಿತ ಮಾನಹಾನಿಗೆ ಪರಿಹಾರ ಕೇಳುವ ಸಿವಿಲ್ ದಾವೆಯನ್ನು ಪ್ರಕಟವಾದ ಒಂದು ವರ್ಷದೊಳಗೆ ಹಾಕಬೇಕು. ಕ್ರಿಮಿನಲ್ ದೂರಿಗೆ ಮೂರು ವರ್ಷ ಸಮಯ ಇದೆ. ಮೇಲಾಗಿ, ಬರೆದವನು ಯಾರು ಅಂತ ಹುಡುಕಿಸುವ ಆದೇಶ, ಪೋಸ್ಟ್ ತೆಗೆಸುವ ತಡೆಯಾಜ್ಞೆ, ಎರಡೂ ಸಿವಿಲ್ ಕೋರ್ಟಿನಲ್ಲಿ ಒಟ್ಟಿಗೆ ಕೇಳಬಹುದು. ಸತ್ಯದ ಪ್ರಶ್ನೆಯಲ್ಲೂ ಎರಡಕ್ಕೂ ವ್ಯತ್ಯಾಸ ಇದೆ. ಸಿವಿಲ್‌ನಲ್ಲಿ ಹೇಳಿದ್ದು ನಿಜ ಅಂತ ತೋರಿಸಿದರೆ ಅಲ್ಲಿಗೆ ಮುಗಿಯಿತು. ಕ್ರಿಮಿನಲ್‌ನಲ್ಲಿ ನಿಜವೂ ಆಗಿರಬೇಕು, ಸಾರ್ವಜನಿಕ ಹಿತಕ್ಕಾಗಿಯೂ ಹೇಳಿರಬೇಕು.

ಬೀದರಿನ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿದೆವು. ಮಾನ ಹೋದದ್ದೂ ಇಲ್ಲೇ, ವೆಬ್‌ಸೈಟ್ ಮಾಲೀಕ ಇರುವುದೂ ಇಲ್ಲೇ. ಲೇಖನವನ್ನು ತೆಗೆಸಿ ಅಂತ ಕೇಳಲಿಲ್ಲ. ಒಂದು ಕಾಮೆಂಟು, ಒಂದು ಪೋಸ್ಟು, ಇಷ್ಟಕ್ಕೇ ತಡೆಯಾಜ್ಞೆ ಕೇಳಿದೆವು. ಎದುರಿನವರ ಮಾತು ಕೇಳದೆ ಪತ್ರಿಕಾ ಬರಹಗಳಿಗೆ ಯಾಂತ್ರಿಕವಾಗಿ ತಡೆ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2024ರ ಮಾರ್ಚಿನಲ್ಲಿ, ಬ್ಲೂಮ್‌ಬರ್ಗ್ ಮತ್ತು ಝೀ ನಡುವಿನ ಪ್ರಕರಣದಲ್ಲಿ ಹೇಳಿತ್ತು. ನ್ಯಾಯಾಧೀಶರು ಮೊದಲು ಎದುರಿನವರಿಗೆ ನೋಟಿಸ್ ಕೊಟ್ಟರು. ಮುಂದಿನ ದಿನಾಂಕದ ಹೊತ್ತಿಗೆ ಮಾಲೀಕ ತಾನಾಗಿಯೇ ಕೆಂಪು ಶೀರ್ಷಿಕೆಯ ಪೋಸ್ಟ್ ತೆಗೆದಿದ್ದ. ಕಾಮೆಂಟಿನ ಬಗ್ಗೆ ಮತ್ತು ಬರೆದವನ ಇಮೇಲ್, ಐಪಿ ವಿವರ ಕೊಡುವ ಬಗ್ಗೆ ಕೋರ್ಟ್ ಆದೇಶ ಮಾಡಿತು. ಎರಡನ್ನೂ ಅವನು ಪಾಲಿಸಿದ.

ಬರೆದವನು ಸಿಕ್ಕಿದ

ಸ್ಪರ್ಧೆಯ ಅಂಗಡಿಯವರೇ ಬರೆಸಿದ್ದಾರೆ ಅಂತ ಮಗನಿಗೆ ಗಟ್ಟಿ ನಂಬಿಕೆ. ನನಗೂ ಹಾಗೇ ಅನಿಸಿತ್ತು. ಸಿಕ್ಕವರು ಹುಮನಾಬಾದ್ ಕಡೆಯ ಒಬ್ಬ ನಿವೃತ್ತ ನೌಕರರು. ಪ್ರಕರಣವನ್ನು ಕೋರ್ಟ್ ಸಂಧಾನಕ್ಕೆ ಕಳಿಸಿತು. ಅಲ್ಲಿ ಅವರು ಒಂದು ಚೀಲದಿಂದ ಪುಟ್ಟ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಮಗಳ ಮದುವೆಗೆ ಅಂತ ಕೊಂಡದ್ದು. ಅಕ್ಕಸಾಲಿಗರ ಹತ್ತಿರ ತೋರಿಸಿದಾಗ ಬೆಳ್ಳಿ ಇಲ್ಲವೇ ಇಲ್ಲ ಅಂದರಂತೆ. ಟೆಸ್ಟ್ ಮಾಡಿಸಿದ್ದು ಸುಳ್ಳಾಗಿರಲಿಲ್ಲ.

ಉಸ್ತಾದರು ಡಬ್ಬಿಯನ್ನು ಕೈಗೆ ತೆಗೆದುಕೊಂಡು ತೂಕ ನೋಡಿದರು. ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು. ಆಮೇಲೆ ತಳವನ್ನು ಹೆಬ್ಬೆರಳ ಉಗುರಿನಿಂದ ಕೆರೆದರು. ಕಪ್ಪು ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. "ಇದು ನಂದಲ್ಲರಿ. ಬಿದ್ರಿನೂ ಅಲ್ಲ. ಪೇಂಟ್ ಹೊಡೆದಾರ. ಎಲ್ಲಿ ತಗೊಂಡ್ರಿ?"

ಒಂದು ವಸ್ತು ಪ್ರದರ್ಶನದ ಮಳಿಗೆಯಲ್ಲಿ ಕೊಂಡದ್ದು. ಬಿಲ್ಲು ಇಲ್ಲ. ಬೀದರ್ ಬಿದ್ರಿ ಅಂತ ಹೇಳಿ ಕೊಟ್ಟಿದ್ದರು. ಲೇಖನದಲ್ಲಿ ಉಸ್ತಾದರ ಅಂಗಡಿಯ ಫೋಟೋ ನೋಡಿ, ಇದೇ ಇರಬೇಕು ಅಂತ ಬರೆದುಬಿಟ್ಟಿದ್ದರು. ಅವರ ಸಿಟ್ಟು ಪ್ರಾಮಾಣಿಕವಾಗಿತ್ತು. ಆದರೆ ಕಾನೂನಿನಲ್ಲಿ ಸದ್ಭಾವನೆ ಅಂದರೆ ಬರೀ ಒಳ್ಳೆಯ ಮನಸ್ಸು ಸಾಲದು, ಎಚ್ಚರದಿಂದ ವಿಚಾರಿಸಿರಬೇಕು. ಅಂಗಡಿ ಯಾವುದು ಅಂತ ನೋಡದೆ ಹೆಸರು ಬರೆದದ್ದು ಆ ಎಚ್ಚರ ತಪ್ಪಿದ ಕೆಲಸ. ಅವರೇ ತಲೆ ತಗ್ಗಿಸಿ, "ತಪ್ಪಾತ್ರಿ ಉಸ್ತಾದ್" ಅಂದರು.

ಉಸ್ತಾದರ ಸಿಟ್ಟು ಅಲ್ಲೇ ಇಳಿಯಿತು. ಮಗನದು ಇಳಿಯಲು ಇನ್ನೆರಡು ಸಿಟ್ಟಿಂಗ್ ಬೇಕಾಯಿತು.

ರಾಜಿಯ ಷರತ್ತುಗಳನ್ನು ನಾವು ಬಹಳ ಜಾಗರೂಕತೆಯಿಂದ ಬರೆದೆವು. ಬರೆದವರು ತಮ್ಮ ಸ್ವಂತ ಹೆಸರಿನಲ್ಲಿ, ಅದೇ ಲೇಖನದ ಕೆಳಗೆ, ತಪ್ಪು ಅಂಗಡಿಯ ಹೆಸರು ಬರೆದೆ ಅಂತ ಕ್ಷಮೆ ಕೇಳಬೇಕು. ವೆಬ್‌ಸೈಟ್ ಮಾಲೀಕ ಮೊದಲಿನ ಪೋಸ್ಟಿನಷ್ಟೇ ದೊಡ್ಡ ಅಕ್ಷರದಲ್ಲಿ ಸ್ಪಷ್ಟೀಕರಣ ಹಾಕಿ 30 ದಿನ ಮೇಲೆಯೇ ಇಡಬೇಕು. ಆ ಸ್ಪಷ್ಟೀಕರಣದ ಪ್ರತಿಯನ್ನು ಹೈದರಾಬಾದಿನ ವ್ಯಾಪಾರಿಗೂ ಕಳಿಸಬೇಕು. ದಾವೆಯ ಖರ್ಚು ಅವನೇ ಕೊಡಬೇಕು. ಫೋನಿನ ಬೆದರಿಕೆಗೆ ಮಗ ಲಿಖಿತವಾಗಿ ವಿಷಾದ ಹೇಳಬೇಕು. ಆರ್ಡರ್ ನಷ್ಟದ ಪರಿಹಾರವನ್ನು ಉಸ್ತಾದರು ಬಿಟ್ಟುಕೊಟ್ಟರು. ನನಗೆ ಅದು ಪೂರ್ತಿ ಒಪ್ಪಿಗೆ ಇರಲಿಲ್ಲ, ಕೇಳಿದ್ದರೆ ಸ್ವಲ್ಪವಾದರೂ ಸಿಗುತ್ತಿತ್ತು. ಕ್ರಿಮಿನಲ್ ದೂರು ಹಾಕಲಿಲ್ಲ.

ರಾಜಿ ಆದದ್ದರಿಂದ, ಶೀರ್ಷಿಕೆ ಕೊಟ್ಟ ಮಾಲೀಕ ಪ್ರಕಾಶಕನೇ ಅನ್ನುವ ನಮ್ಮ ವಾದದ ಮೇಲೆ ತೀರ್ಪು ಬರಲಿಲ್ಲ. ಆದರೆ ಎದುರಿನ ವಕೀಲರು ಎರಡನೇ ಸಿಟ್ಟಿಂಗಿನ ನಂತರ 79ನೇ ಕಲಮಿನ ಮಾತು ಎತ್ತಲಿಲ್ಲ. ವೆಬ್‌ಸೈಟಿನಲ್ಲಿ ಈಗ ದೂರು ಕೊಡಲು ಹೆಸರು, ಇಮೇಲ್ ಇರುವ ಒಂದು ಪುಟ ಇದೆ.

ಹೈದರಾಬಾದಿನ ವ್ಯಾಪಾರಿ 40ರ ಬದಲು 12 ಪೀಸ್ ತರಿಸಿಕೊಂಡರು, ಬೆಳ್ಳಿ ಬಿಲ್ಲಿನ ಪ್ರತಿ ಜೊತೆಗಿಡಿ ಅಂದರು. ಉಸ್ತಾದರಿಗೆ ಆ ಮಾತು ಚುಚ್ಚಿತು, ಆದರೂ ಕಳಿಸಿದರು. ಮುಚ್ಚಳದ ಕಾಮೆಂಟು ಇನ್ನೂ ಅಲ್ಲೇ ಇದೆ. ಆ ಹೆಣ್ಣುಮಗಳಿಗೆ ಉಸ್ತಾದರೇ ಹೇಳಿ ಕಳಿಸಿ ಡಬ್ಬಿ ತರಿಸಿಕೊಂಡರು. ಮುಚ್ಚಳ ಬಿಗಿ ಮಾಡಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ ಕೊಟ್ಟರು. ಕಾಮೆಂಟು ತೆಗಿ ಅಂತ ಕೇಳಲಿಲ್ಲ. ಅದರ ಕೆಳಗೆ ಆಕೆಯೇ ಒಂದು ಸಾಲು ಸೇರಿಸಿದ್ದಾರೆ: "ರಿಪೇರಿ ಮಾಡಿ ಕೊಟ್ಟರು, ರೊಕ್ಕ ತಗೊಳ್ಳಲಿಲ್ಲ."